ಆಗುವುದಿಲ್ಲ ಎಂಬ ಲೆಕ್ಕ

"ಬಗ್ತಾ ಇಲ್ಲ ಕಣ್ ಸಿವಣ್ಣ," ಎಂದ ಊರಿನಲ್ಲಿ ಗುಂಡಿ ತೆಗೆಯುವ ಚಲುವಯ್ಯ. ಅವನ ಎರಡೂ ಅಂಗೈ ರುದ್ರಾಣಿಯ ಬಲಮಂಡಿಯ ಮೇಲಿದ್ದವು. ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಮಂಡಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಆಗಿತ್ತು. "ಕಲ್ಲಾಗವ್ರೆ ಟೀಚ್ರವ್ವ. ಆ ಐಸ್ ಪೆಟ್ಟಿಗೆಗ್ ಆಕ್ಬ್ಯಾಡಿ ಅಂದೆ. ಕೇಳುದ್ರಾ ನೀವು?"

"ಇನ್ನೊಂದ್ಸಲ ಬಿಸಿನೀರ್ ಹಾಕು," ಎಂದ ಶಿವರಾಜು.

"ಉಯ್ದಂಗೆಲ್ಲ ಮೆತ್ತಗಾಗಕೆ ಇದೇನ್ ರಾಗಿ ಇಟ್ಟಾ?"

ಹೆಡತಲೆಯ ಮನೆಯ ಜಗಲಿಯಲ್ಲಿ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಗುಯ್ಯೆನ್ನುತ್ತಿತ್ತು. ಪಕ್ಕದ ಚಾಪೆಯ ಮೇಲೆ ಅವನ ಅಕ್ಕ ಉದ್ದಕ್ಕೆ ಮಲಗಿದ್ದಳು. ಹಣೆಗೆ ಬಳಿದ ವಿಭೂತಿ ತೇವಕ್ಕೆ ಕರಗಿ ಹುಬ್ಬಿಗೆ ಇಳಿದಿತ್ತು.

ಅವರ ಕಡೆ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೈಯಲ್ಲಿ ಲಿಂಗ ಇಟ್ಟು, ಚಕ್ಕಳಮಕ್ಕಳ ಹಾಕಿಸಿ, ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಅದಕ್ಕೇ ಉಸಿರು ಹೋದ ಗಳಿಗೆಯಲ್ಲೇ ಗೋಡೆಗೆ ಒರಗಿಸಿ, ಕಾಲು ಮಡಿಸಿ, ತಲೆಯನ್ನು ಬಟ್ಟೆಯಿಂದ ಗೂಟಕ್ಕೆ ಕಟ್ಟಿಬಿಡಬೇಕು. ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಶುಕ್ರವಾರ ಸಂಜೆ ಮೈಸೂರಿನ ಆಸ್ಪತ್ರೆಯಲ್ಲಿ ಎದೆನೋವಿನಿಂದ ಹೋದ ರುದ್ರಾಣಿ ಮನೆಗೆ ಬರುವ ಹೊತ್ತಿಗೆ ಗೋಡೆಯ ಬುಡ ಗುಡಿಸಿ ಆಗಿತ್ತು, ಬಟ್ಟೆ ತಯಾರಿತ್ತು. ಆಗ ಫೋನು ಬಂತು. ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರೊಫೆಸರ್ ನಂಜುಂಡೇಶ್ ದೆಹಲಿಯಲ್ಲಿದ್ದರು. ಭಾನುವಾರ ಬರುತ್ತೇನೆ, ಕೊನೆಯ ಸಲ ಮುಖ ನೋಡಬೇಕು, ಅಲ್ಲಿಯವರೆಗೆ ಇಟ್ಟಿರಿ ಎಂದರು. ನಂಜನಗೂಡಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಗದರುವ ಶಿವರಾಜು, ಆ ಫೋನಿಗೆ ಮಾತ್ರ "ಆಗ್ಲಿ ಸಾ, ಇಟ್ಟಿರ್ತೀವಿ ಸಾ" ಎಂದು ತಲೆ ಆಡಿಸಿದ. ಏಕೆಂದರೆ ಅವನ ಒಬ್ಬಳೇ ಮಗಳು ಅರ್ಪಿತ ಪಿಎಚ್.ಡಿ. ಮಾಡುತ್ತಿದ್ದದ್ದು ಆ ನಂಜುಂಡೇಶರ ಕೈಕೆಳಗೆ. ಬರೆದು ಮುಗಿದ ಥೀಸಿಸ್ಸು ಸಹಿಗಾಗಿ ಅವರ ಮೇಜಿನ ಮೇಲೆ ಕಾಯುತ್ತಿತ್ತು. ಇನ್ನೊಂದು ಕಡೆ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ರುದ್ರಾಣಿ ಕಾದಳು.

"ಅಪ್ಪಾಜಿ, ಅತ್ತೆ ಕಾಲು ಬಿಡೋಕೆ ಹೇಳಿ," ಎಂದಳು ಅರ್ಪಿತ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ಅಳು ನಿನ್ನೆಯೇ ಮುಗಿದಿತ್ತು.

"ಸುಮ್ನಿರವ್ವ. ಕೂರುಸ್ದೆ ಮಣ್ ಮಾಡಕಾಯ್ತದಾ? ನೆಂಟ್ರು ನಾಳೆ ಏನಂದಾರು?"

"ಶುಕ್ರವಾರವೇ ಕೂರಿಸಬಹುದಿತ್ತಲ್ಲ. ಯಾರಿಗೋಸ್ಕರ ಕಾದಿದ್ದು?"

"ನಿನ್ಗೋಸ್ಕರ ಕಣವ್ವ." ಶಿವರಾಜು ತಗ್ಗಿದ ದನಿಯಲ್ಲಿ ಹೇಳಿದ. "ನಿನ್ ಪುಸ್ತಕ ಅವ್ರ ಕೈಲದೆ. ನಿಮ್ಮತ್ತೆ ಕ್ವಾಪ ಮಾಡ್ಕೊಂಡು ಅವ್ರ ಸವಾಸ ಕಳಕೊಂಡ್ಳು. ನೀನೂ ಕಳಕಬ್ಯಾಡ."

ಅವರಿಬ್ಬರ ನಡುವೆ ನಡೆದದ್ದು ಅಪ್ಪನಿಗೆ ಗೊತ್ತಿಲ್ಲ ಎಂಬುದು ಅರ್ಪಿತಳಿಗೆ ಗೊತ್ತಿತ್ತು. ಹೇಳಬೇಡ ಎಂದು ಅತ್ತೆಯೇ ಬಾಯಿ ಕಟ್ಟಿದ್ದಳು. ಅವನಿಗೆ ಗೊತ್ತಾದ್ರೆ ಮೈಸೂರಿಗೆ ಹೋಗಿ ಯಾರದಾದ್ರೂ ಕೊರಳಪಟ್ಟಿ ಹಿಡಿತಾನೆ, ಆಮೇಲೆ ನಿನ್ನ ಗತಿ ಏನು ಅಂದಿದ್ದಳು.

ಜಗಲಿಯ ತುದಿಯಲ್ಲಿ ಕೂತಿದ್ದ ಸುಂದರಮ್ಮ ಕೈಸನ್ನೆ ಮಾಡಿ ಅವಳನ್ನು ಕರೆದರು. ಸೋಸಲೆ ಊರಿನವರು. ಟಿ. ನರಸೀಪುರದ ಕಾಲೇಜಿನಲ್ಲಿ ರುದ್ರಾಣಿ ಫಿಸಿಕ್ಸ್ ಹೇಳಿದಷ್ಟು ವರ್ಷವೂ ಪಕ್ಕದ ಕೋಣೆಯಲ್ಲಿ ಸಂಸ್ಕೃತ ಹೇಳಿದವರು.

"ಕೂತ್ಕೋ ಬಾಮ್ಮ. ನಿಮ್ಮತ್ತೆ ಯಾರ ಹತ್ರ ಜಗಳ ಆಡ್ಲಿಲ್ಲ ಹೇಳು? ನಂಜನಗೂಡಿನ ಬಸ್ಸಿನಲ್ಲಿ ಬರ್ತಿದ್ಲಲ್ಲ, ಅವಳನ್ನ ಕಂಡ್ರೆ ಕಂಡಕ್ಟರುಗಳು ಚಿಲ್ಲರೆ ಮೊದಲೇ ಎಣಿಸಿ ಇಟ್ಕೊಳ್ತಿದ್ರಂತೆ. ನನ್ನ ಹತ್ರಾನೂ ಮಾತು ಬಿಟ್ಟಿದ್ಲು. ನಮ್ಮಣ್ಣನ ಮಗನಿಗೆ ಪ್ರಾಕ್ಟಿಕಲ್ಸಿನಲ್ಲಿ ಸ್ವಲ್ಪ ಮಾರ್ಕ್ಸ್ ನೋಡ್ಕೋ ಅಂದಿದ್ದೆ. 'ಅವನಿಗೆ ಬಂದಿರೋ ರೀಡಿಂಗ್ ಇಷ್ಟು, ಮಾರ್ಕ್ಸೂ ಅಷ್ಟೇ' ಅಂದ್ಳು. ಮೂತಿಗೆ ಹೊಡೆದ ಹಾಗೆ. ಒಂದು ವರ್ಷ ನಾನು ಮುಖ ನೋಡ್ಲಿಲ್ಲ. ಆಮೇಲೆ ನಾನೇ ಹೋಗಿ ಮಾತಾಡಿಸ್ದೆ. ಅವಳು ಬರೋ ಪೈಕಿ ಅಲ್ವಲ್ಲ."

ಅರ್ಪಿತಳಿಗೆ ನಗು ಬಂತು.

*

ರುದ್ರಾಣಿಯ ಪ್ರಯೋಗಶಾಲೆ ಎಂದರೆ ತಮ್ಮನ ಅಂಗಡಿಯ ಹಿಂಭಾಗ. ಯೂರಿಯಾ ಮೂಟೆಗಳ ನಡುವೆ ಬಿಲ್ಲು ಹಾಕುವ ಒಂದು ಕಂಪ್ಯೂಟರು ಇತ್ತು, ಅದಕ್ಕೆ ಯು.ಪಿ.ಎಸ್. ಇತ್ತು. ಕರೆಂಟು ಹೋದರೂ ಲೆಕ್ಕ ನಿಲ್ಲುವುದಿಲ್ಲ ಎಂದು ಅವಳು ಅಲ್ಲೇ ಬೀಡುಬಿಟ್ಟಿದ್ದಳು. ಕಾಲೇಜಿನಿಂದ ಬಂದವಳು ನೇರ ಅಲ್ಲಿಗೆ ಹೋಗಿ ಪ್ರೋಗ್ರಾಮು ಹಚ್ಚಿ ಕೂರುವಳು. "ಅಕ್ಕ, ಗಿರಾಕಿ ನಿಂತವ್ರೆ, ಬಿಲ್ ಒಡೀಬೇಕು," ಎಂದು ಶಿವರಾಜು ಗೋಗರೆದರೆ, "ಕೈಯಲ್ಲಿ ಬರ್ಕೊಡೋ, ನಿಮ್ಮಪ್ಪ ಬರ್ಕೊಡ್ತಿರಲಿಲ್ವಾ?" ಎನ್ನುವಳು. ನಿಮ್ಮಪ್ಪ ಅಂದರೆ ಅವಳಪ್ಪನೂ ಹೌದು. ಜಗಳದಲ್ಲಿ ಅದು ನೆನಪಿರುತ್ತಿರಲಿಲ್ಲ.

ಅರ್ಪಿತ ಬಿ.ಎಸ್ಸಿ. ಸೇರಿದ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದ್ದಳು, ಅತ್ತೆ, ಅದೇನು ಅಷ್ಟೊತ್ತು ಲೆಕ್ಕ ಮಾಡ್ತೀರಿ ಎಂದು.

ರುದ್ರಾಣಿ ತಟ್ಟೆಯಲ್ಲಿದ್ದ ಮುದ್ದೆಯನ್ನು ಎರಡು ಭಾಗ ಮಾಡಿದಳು. "ನೆಲದಲ್ಲಿ ಸಿಗೋ ಮೂಲವಸ್ತುಗಳು ಯುರೇನಿಯಂ ಹತ್ರಕ್ಕೆ ಹೆಚ್ಚುಕಮ್ಮಿ ಮುಗೀತವೆ. ಅದಕ್ಕಿಂತ ಭಾರದವನ್ನ ನಾವೇ ಮಾಡ್ಕೋಬೇಕು. ಒಂದು ಭಾರದ ನ್ಯೂಕ್ಲಿಯಸ್ಸಿಗೆ ಇನ್ನೊಂದು ನ್ಯೂಕ್ಲಿಯಸ್ಸನ್ನ ತಂದು ಹೊಡೀಬೇಕು. ಒಂದಾದ್ರೆ ಹೊಸದು ಹುಟ್ತು. ನೂರಾ ಹದಿನೆಂಟರ ತನಕ ಹಂಗೇ ಮಾಡ್ಕೊಂಡು ಬಂದಿದ್ದಾರೆ. ಮುಂದಿನದು ಯಾರಿಗೂ ದಕ್ಕಿಲ್ಲ."

"ಸೇರಿಸಿದ್ರೆ ಆಯ್ತಲ್ಲ." ಅರ್ಪಿತ ಎರಡು ತುಂಡನ್ನೂ ಒತ್ತಿ ಒಂದು ಮಾಡಿದಳು.

"ಮುದ್ದೆಗೆ ಮುದ್ದೆ ಮೇಲೆ ದ್ವೇಷ ಇಲ್ಲ ಕಣೆ. ಇವು ಒಂದನ್ನೊಂದು ತಳ್ತವೆ. ಮೆತ್ತಗೆ ಹೊಡೆದ್ರೆ ಹತ್ರಾನೇ ಬರಲ್ಲ. ಜೋರಾಗಿ ಹೊಡೆದ್ರೆ ಮುಟ್ತವೆ, ಆ ಬಿಸಿಗೆ ಒಡೆದು ಹೋಗ್ತವೆ. ಮುಟ್ಟಿದ ಮೇಲೂ ಒಂದಾಗದೆ ಜಾರಿ ಬೇರೆಯಾಗೋದೇ ಹೆಚ್ಚು. ಒಂದಾಗಿ, ಒಡೀದೆ ಉಳಿಯೋದು ಕೋಟ್ಯಂತರ ಸಲಕ್ಕೆ ಒಂದು. ಯಾವುದಕ್ಕೆ ಯಾವುದನ್ನ, ಎಷ್ಟು ಜೋರಾಗಿ ಹೊಡೆದ್ರೆ ಎಷ್ಟು ಸಿಕ್ಕೀತು ಅಂತ ಮೊದಲೇ ಹೇಳೋದು ನನ್ನ ಕೆಲಸ."

"ಹೊಡೆಯೋರು ಯಾರು?"

"ಹೊರದೇಶದೋರು, ದೊಡ್ಡ ಮಿಷಿನ್ ಇರೋರು. ನಮ್ಮ ಹತ್ರ ಇರೋದು ನಿಮ್ಮಪ್ಪನ ಗೊಬ್ಬರದ ಕಂಪ್ಯೂಟರು."

"ಆಗಲ್ಲ ಅಂತ ಲೆಕ್ಕ ಬಂದ್ರೆ?"

"ಆಗಲ್ಲ ಅಂತ ಹೇಳ್ಬೇಕು. ತಿನ್ನು, ಸಾರು ಆರೋಯ್ತದೆ."

*

ನಂಜುಂಡೇಶರ ಬಿಳಿ ಕಾರು ಬಂದಾಗ ಬಿಸಿಲು ಏರಿತ್ತು. ಡ್ರೈವರ್ ಡಿಕ್ಕಿಯಿಂದ ದೊಡ್ಡ ಹೂಚಕ್ರ ಇಳಿಸಿದ. ಅದರ ನಡುವೆ ಅಂಟಿಸಿದ ಪಟ್ಟಿಯಲ್ಲಿ ನಂಜುಂಡೇಶರ ಹೆಸರು, ಪದವಿ, ವಿಭಾಗ, ವಿಶ್ವವಿದ್ಯಾಲಯ ಎಲ್ಲವೂ ಇದ್ದವು. ಸತ್ತವಳ ಹೆಸರಿಗೆ ಜಾಗ ಸಾಲದೆ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಅವರು ಶೂ ಬಿಚ್ಚಿ ಜಗಲಿ ಹತ್ತಿದರು, ಕೈ ಮುಗಿದರು, ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡದ್ದು ಸುಳ್ಳೇನೂ ಅಲ್ಲ. ಅಂಥವರಿಗೂ ಸಾವಿನ ಮನೆಯಲ್ಲಿ ಅಳು ಬರುತ್ತದೆ, ಅದೇ ಸಿಟ್ಟು ಬರಿಸುವ ವಿಷಯ.

"ನಿಮಗೋಸ್ಕರಾನೇ ಇಟ್ಕಂಡಿದ್ವಿ ಸಾ," ಎಂದ ಶಿವರಾಜು.

"ದೊಡ್ಡ ಮನಸ್ಸು ನಿಮ್ಮದು," ಎಂದರು ನಂಜುಂಡೇಶ್. ಆಮೇಲೆ ಅರ್ಪಿತಳನ್ನು ಪಂಪ್‌ಹೌಸಿನ ನೆರಳಿಗೆ ಕರೆದುಕೊಂಡು ಹೋದರು.

"ಅರ್ಪಿತ, ಈಗ ಹೇಳಬಾರದು, ಆದರೂ ಹೇಳ್ತೀನಿ. ಹೋದ ತಿಂಗಳು ಹೊರದೇಶದ ಆ ಲ್ಯಾಬಿನ ಫಲಿತಾಂಶ ಬಂತಲ್ಲ. ನೂರಾ ಇಪ್ಪತ್ತನೆಯ ಮೂಲವಸ್ತುವಿಗೆ ಅಷ್ಟು ತಿಂಗಳು ಮಿಷಿನ್ ಓಡಿಸಿ ಒಂದೂ ಸಿಗಲಿಲ್ಲ. ನಮ್ಮ ಲೇಖನ ನಂಬಿಕೊಂಡು ಕೂತವರು ಈಗ ನನ್ನನ್ನ ಕೇಳ್ತಿದ್ದಾರೆ. ರುದ್ರಾಣಿಯವರ ಮೊದಲಿನ ಲೆಕ್ಕ ಇತ್ತಲ್ಲ, ನಿಮ್ಮಂಗಡಿ ಕಂಪ್ಯೂಟರಿನಲ್ಲಿ ಇರಬೇಕು. ಅದನ್ನ ತೆಗೆದು ಒಂದು ಸ್ಮರಣೆಯ ಲೇಖನ ಮಾಡೋಣ. ನನ್ನ ಹೆಸರು, ಅವರದು, ನಿನ್ನದು. ಸಿಗೋದಿಲ್ಲ ಅಂತ ನಮ್ಮ ಗುಂಪು ಅಂದೇ ಲೆಕ್ಕ ಹಾಕಿತ್ತು ಅಂತ ಆಗತ್ತೆ. ಅವರ ಆತ್ಮಕ್ಕೂ ಸಮಾಧಾನ."

"ನೀವು ಅಚ್ಚು ಹಾಕಿಸಿದ್ದು ಸಿಗತ್ತೆ ಅಂತ ಅಲ್ವಾ ಸರ್?"

"ಅದು ಒಂದು ಅಂದಾಜು. ಇದು ಇನ್ನೊಂದು ಅಂದಾಜು. ಎರಡೂ ನಮ್ಮದೇ." ಅವರು ಅವಳ ಭುಜ ತಟ್ಟಿದರು. "ಮಂಗಳವಾರ ಅದನ್ನ ತಗೊಂಡು ಬಾ. ನಿನ್ನ ಥೀಸಿಸ್ಸಿಗೂ ಅವತ್ತೇ ಸಹಿ ಹಾಕಿ ಕಳಿಸ್ತೀನಿ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಭುಜ ತಟ್ಟಿದ್ದು ಮಾತ್ರ ಮೈಯೆಲ್ಲ ಉರಿಸಿತು. ಆದರೂ ಅವಳು "ಇಲ್ಲ" ಅನ್ನಲಿಲ್ಲ. ಐದು ವರ್ಷದ ಕೆಲಸ ಅವರ ಮೇಜಿನ ಮೇಲಿತ್ತು.

*

ಅವಳು ಎಂ.ಎಸ್ಸಿ. ಓದುವಾಗ ಒಮ್ಮೆ ಅತ್ತೆಯ ಜೊತೆ ನಂಜುಂಡೇಶರ ಕೋಣೆಗೆ ಹೋಗಿದ್ದಳು. ರುದ್ರಾಣಿ ಅವರ ಜೊತೆ ಸೇರಿ ಲೇಖನ ಬರೆಯುತ್ತಿದ್ದ ಕಾಲ ಅದು. ಲೆಕ್ಕ ಇವಳದು, ವಿಳಾಸ ಅವರದು. ತಾಲ್ಲೂಕು ಕಾಲೇಜಿನ ಹೆಸರು ಹಾಕಿ ಕಳಿಸಿದರೆ ಯಾರೂ ಓದುವುದಿಲ್ಲ ಎಂದು ಅವರೇ ಹೇಳಿದ್ದರು.

"ನಿಮ್ಮ ಲೆಕ್ಕದ ಪ್ರಕಾರ ಒಂದು ಆಯಸ್ಸು ಮಿಷಿನ್ ಓಡಿಸಿದ್ರೂ ಒಂದು ಸಿಗೋದು ಅನುಮಾನ," ಎಂದಿದ್ದರು ನಂಜುಂಡೇಶ್. "ಇದನ್ನ ಯಾರು ಅಚ್ಚು ಹಾಕ್ತಾರೆ ರುದ್ರಾಣಿ? ಮುಟ್ಟಿದ ಮೇಲೆ ಒಂದಾಗುವ ಸಂಭವ ಇದೆಯಲ್ಲ, ಅದು ಇಷ್ಟೇ ಅಂತ ಯಾರಿಗೂ ಗೊತ್ತಿಲ್ಲ. ಅದೊಂದನ್ನ ಸ್ವಲ್ಪ ಅಡ್ಜಸ್ಟ್ ಮಾಡಿ. ನಾಲ್ಕಾರು ತಿಂಗಳಲ್ಲಿ ಒಂದು ಸಿಗತ್ತೆ ಅಂತ ಬರತ್ತೆ. ಲ್ಯಾಬಿನವರು ನಮ್ಮ ಹೆಸರು ಹೇಳ್ತಾರೆ."

"ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೀಬೇಕು ಸರ್. ಹಿಂದೆ ಆಗಿರೋ ಪ್ರಯೋಗಗಳನ್ನೆಲ್ಲ ಹಾಕಿ ನೋಡಿದ್ದೀನಿ, ನಾನು ತಗೊಂಡಿರೋ ಬೆಲೆಗೆ ಅವು ಸರಿ ಬರ್ತವೆ. ಇದಕ್ಕೆ ಮಾತ್ರ ಬೇರೆ ಯಾಕೆ ತಗೊಳ್ಲಿ?"

"ಹಟ ಮಾಡಬೇಡಿ."

"ನೀವು ಹಂಗೇ ಬರೆಯೋದಾದ್ರೆ ನನ್ನ ಹೆಸರು ತೆಗೆದುಬಿಡಿ."

ತೆಗೆಯುವುದಿಲ್ಲ ಎಂದುಕೊಂಡು ಹೇಳಿದ ಮಾತು ಅದು. ಅವರು ತೆಗೆದರು. ಹೆಸರು ತೆಗೆದು ಲೆಕ್ಕವನ್ನು ಇಟ್ಟುಕೊಂಡು, ಒಂದೇ ಒಂದು ಅಂಕಿಯನ್ನು ಬದಲಿಸಿ ಕಳಿಸಿದರು. ಆ ಲೇಖನದಿಂದ ಅವರಿಗೆ ಹೆಸರು ಬಂತು, ಹೊಸ ಪ್ರಾಜೆಕ್ಟು ಬಂತು. ರುದ್ರಾಣಿ ಎಂದಿನಂತೆ ಟಿ. ನರಸೀಪುರದ ಬಸ್ಸು ಹತ್ತಿದಳು.

ಎರಡು ವರ್ಷ ಕಳೆದು ಅರ್ಪಿತಳಿಗೆ ಅವರ ಬಳಿಯೇ ಸೀಟು ಸಿಕ್ಕಾಗ, ಬೇಡ ಎಂದವಳು ಅರ್ಪಿತಳೇ. "ಸೇರ್ಕೋ," ಎಂದಿದ್ದಳು ರುದ್ರಾಣಿ. "ಅವನಿಗೆ ಗಣಿತ ಚೆನ್ನಾಗಿ ಬರತ್ತೆ, ಅದನ್ನ ಕಲ್ತ್ಕೋ. ಮಿಕ್ಕಿದ್ದು ಕಲೀಬೇಡ."

ಹೋದ ತಿಂಗಳು ಲ್ಯಾಬಿನ ಸುದ್ದಿ ಬಂದ ದಿನ ಅರ್ಪಿತ ಅಂಗಡಿಗೆ ಓಡಿ ಬಂದಿದ್ದಳು. "ಅತ್ತೆ, ನೀವು ಹೇಳಿದ್ದೇ ಆಯ್ತು. ಒಂದೂ ಸಿಗಲಿಲ್ಲ."

ರುದ್ರಾಣಿ ಮೂಟೆಯ ಮೇಲೆ ಕೂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದಳು. "ನನಗೇನು ಸೊನ್ನೆ ಬರ್ಲಿ ಅಂತ ಆಸೆ ಇತ್ತೇನೆ? ಒಂದು ಸಿಕ್ಕಿಬಿಟ್ಟಿದ್ರೆ, ನನ್ನ ಲೆಕ್ಕ ಸುಳ್ಳಾಗಿದ್ರೂ ಖುಷಿಯಾಗಿರ್ತಿದ್ದೆ. ಪಾಪ, ಅಲ್ಲಿ ಹುಡುಗ್ರು ಹಗಲೂ ರಾತ್ರಿ ಕಾದಿರ್ತಾರೆ. ಮೊದಲೇ ಗೊತ್ತಿದ್ದೋನು ಒಬ್ಬ ಇದ್ದ, ಬಾಯಿ ಬಿಡ್ಲಿಲ್ಲ." ಆಮೇಲೆ ಎದ್ದು, ಯಾರೂ ಇಲ್ಲದ ಕಡೆ ಫ್ಯಾನು ತಿರುಗುತ್ತಿದೆ ಎಂದು ತಮ್ಮನಿಗೆ ಬೈದಳು.

*

ಹೊಲದ ಅಂಚಿನಲ್ಲಿ, ರುದ್ರಾಣಿಯ ಅಪ್ಪನ ಸಮಾಧಿಯ ಮುಂದೆ, ಚಲುವಯ್ಯ ಬೆಳಗ್ಗೆಯೇ ಗುಂಡಿ ತೆಗೆದಿದ್ದ. ಕೂರುವವರಿಗೆ ಬೇಕಾದಷ್ಟು ಚೌಕದ ಗುಂಡಿ. ಸಮಾಧಿಯ ಕಡೆಯ ಗೋಡೆಯಲ್ಲಿ ಕೊರೆದ ಗೂಡು, ಗೂಡಿನಲ್ಲಿ ವಿಭೂತಿ, ಬಿಲ್ವಪತ್ರೆ. ಎದುರು ಬದಿಯಲ್ಲಿ ದೊಡ್ಡವರಿಗೆಂದು ಹಾಕಿದ ಕುರ್ಚಿಗಳಲ್ಲಿ ಒಂದರ ಮುಂದೆ ನಂಜುಂಡೇಶ್ ನಿಂತಿದ್ದರು, ಹೂಚಕ್ರ ಅವರ ಕಾಲ ಬಳಿಯಿತ್ತು. ಅವರ ಬೆನ್ನಿಗೆ ಆಗತಾನೆ ನೀರು ಕಟ್ಟಿದ ಗದ್ದೆ.

ರುದ್ರಾಣಿಯನ್ನು ಚಾಪೆಯ ಸಮೇತ ಹೊತ್ತು ತಂದು ಗುಂಡಿಯ ಅಂಚಿಗೆ ಇಳಿಸಿದರು. ಕಣ್ಣಳತೆಗೆ ಅರ್ಧ ದೇಹ ಗುಂಡಿಯ ಅಗಲಕ್ಕೆ ಸರಿಹೋಯಿತು, ಕಾಲು ಹೊರಗೆ ಉಳಿಯಿತು. ಮಠದಿಂದ ಬಂದಿದ್ದ ಗಂಗಾಧರಸ್ವಾಮಿ ಅಯ್ಯನವರು ನೋಡಿ ನಿಟ್ಟುಸಿರು ಬಿಟ್ಟರು.

"ಸಾ, ಎಲ್ಡು ಮಾತಾಡಿ," ಎಂದ ಶಿವರಾಜು.

ನಂಜುಂಡೇಶ್ ಮಾತಾಡಿದರು. ಹಳ್ಳಿಯಲ್ಲಿ ಹುಟ್ಟಿದ ಪ್ರತಿಭೆ ಎಂದರು, ನನ್ನ ತಂಗಿಯಂತೆ ಎಂದರು. "ಪ್ರಪಂಚದ ದೊಡ್ಡ ಪ್ರಯೋಗಾಲಯ ಸೋತ ಕಡೆ, ಅದು ಸೋಲುತ್ತದೆ ಎಂದು ನಾವು, ನಾನು ಮತ್ತು ರುದ್ರಾಣಿ, ಅಂದೇ ಲೆಕ್ಕ ಹಾಕಿದ್ದೆವು. ಆ ಲೆಕ್ಕ ಇಷ್ಟರಲ್ಲೇ ಲೋಕಕ್ಕೆ ತಿಳಿಯಲಿದೆ, ಅವರ ಸೋದರ ಸೊಸೆಯ ಕೈಯಿಂದ." ನೆಂಟರು ತಲೆದೂಗಿದರು. ಶಿವರಾಜುವಿನ ಕಣ್ಣು ತುಂಬಿತು.

"ಈಗೇನ್ ಮಾಡದು ಅಯ್ನೋರೇ?" ಚಲುವಯ್ಯ ಕೇಳಿದ. "ಕೂರುಸ್ಲೇಬೇಕು ಅಂದ್ರೆ ಮಂಡಿ ಮುರೀಬೇಕು. ಒಂದ್ ಏಟಾಕುದ್ರೆ ಆಯ್ತದೆ. ನನ್ ಕೈಲಿ ಆಗಾಕಿಲ್ಲ, ಯಾರಾರಾ ಬನ್ನಿ."

ಯಾರೂ ಮುಂದೆ ಬರಲಿಲ್ಲ. ಅಯ್ಯನವರು ಶಿವರಾಜುವಿನ ಮುಖ ನೋಡಿದರು, ಶಿವರಾಜು ನಂಜುಂಡೇಶರ ಮುಖ ನೋಡಿದ.

"ಸಂಪ್ರದಾಯ ಬಿಡಬಾರದು," ಎಂದರು ನಂಜುಂಡೇಶ್ ಮೃದುವಾಗಿ. "ಅವರಿಗೆ ಈಗ ನೋವೇನೂ ಆಗೋದಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡಿ."

"ಮುಟ್ಟಬೇಡಿ ಅವರನ್ನ," ಎಂದಳು ಅರ್ಪಿತ.

ಜೋರಾಗಿ ಹೇಳಿರಲಿಲ್ಲ. ಆದರೂ ಎಲ್ಲರೂ ತಿರುಗಿದರು. ಅವಳು ಗುಂಡಿ ಬಳಸಿಕೊಂಡು ಬಂದು ಅತ್ತೆಯ ಕಾಲಿನ ಬಳಿ ನಿಂತಳು.

"ಇವರು ಹೇಳಿದ್ದು ಸುಳ್ಳು ಅಪ್ಪಾಜಿ. ಆಗಲ್ಲ ಅಂತ ಲೆಕ್ಕ ಹಾಕಿದ್ದು ಅತ್ತೆ ಒಬ್ರೇ. ಆಗತ್ತೆ ಅಂತ ತಿದ್ದಿ ಅಚ್ಚು ಹಾಕಿಸಿದ್ದು ಇವರು. ಅತ್ತೆ ಒಪ್ಪಲಿಲ್ಲ, ಹೆಸರು ತೆಗೆದ್ರು. ನೀವು ಅವರ ಕೋಪ ಕೋಪ ಅಂತೀರಲ್ಲ, ಅವರು ಕೋಪ ಮಾಡ್ಕೊಂಡಿದ್ದು ಇಷ್ಟಕ್ಕೇ. ಈಗ ಆಗಲಿಲ್ಲ ಅಂತ ಗೊತ್ತಾದ ಮೇಲೆ ಇವರಿಗೆ ಅತ್ತೆ ಲೆಕ್ಕ ಬೇಕಾಗಿದೆ. ಪಂಪ್‌ಹೌಸ್ ಹತ್ರ ನನ್ನನ್ನ ಕರ್ಕೊಂಡು ಹೋಗಿ ಅದನ್ನೇ ಕೇಳಿದ್ದು. ಕೊಟ್ರೆ ಸಹಿ ಹಾಕ್ತಾರಂತೆ."

"ಅರ್ಪಿತ, ಹೆಸರು ತೆಗೆಯಿರಿ ಅಂದವರು ಅವರೇ," ಎಂದರು ನಂಜುಂಡೇಶ್. "ದುಃಖದಲ್ಲಿದ್ದೀಯ. ನಾಳೆ ಮಾತಾಡೋಣ. ನಿನ್ನ ಭವಿಷ್ಯ..."

"ಹಾಕಬೇಡಿ ಸರ್ ಸಹಿ. ನಾನು ಕೊಡಲ್ಲ." ಅವಳಿಗೆ ಈಗ ಅಳು ಬಂತು, ಸಿಟ್ಟಿನ ಅಳು. ಅದರ ನಡುವೆಯೇ ಅಯ್ಯನವರ ಕಡೆ ತಿರುಗಿದಳು. "ಮುರಿದು ಕೂರಿಸಿ ಅಂತ ಎಲ್ಲಾದ್ರೂ ಬರೆದಿದೆಯಾ ಅಯ್ಯನವರೇ?"

ಗಂಗಾಧರಸ್ವಾಮಿ ರುದ್ರಾಣಿಯ ಕಾಲಿನ ಕಡೆ ನೋಡಿದರು. "ಕೂರಿಸೋದು ಪದ್ಧತಿ ಕಣಮ್ಮ. ಮುರಿಯೋದು ಯಾವ ಪದ್ಧತೀನೂ ಅಲ್ಲ. ಲಿಂಗ ಎದೆ ಮೇಲಿಡೋಣ. ಮಲಗಿಸಿ."

"ಮಲಗ್ಸಕ್ಕೆ ಗುಂಡಿ ಸಾಲಾಕಿಲ್ವಲ್ಲ," ಎಂದ ಚಲುವಯ್ಯ.

ಗುದ್ದಲಿ ಮಣ್ಣಗುಡ್ಡೆಯ ಮೇಲಿತ್ತು. ಅರ್ಪಿತ ಅದಕ್ಕೆ ಕೈ ಚಾಚುವ ಮೊದಲೇ ಶಿವರಾಜು ಎತ್ತಿಕೊಂಡ. ಮೊನ್ನೆ ಸಂಜೆ ಗೋಡೆಗೆ ಒರಗಿಸಬೇಕಿದ್ದ ಅಕ್ಕನನ್ನು, ತನ್ನ ಕೈಯಾರೆ ಎತ್ತಿ ಆ ಪೆಟ್ಟಿಗೆಗೆ ಇಟ್ಟದ್ದು ಅವನೇ. ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡು ಸುಂದರಮ್ಮ ಎದ್ದು ನಿಂತರು. ಅವನು ಹಿಡಿಯಲಿಲ್ಲ. ಹೆಗಲ ಟವೆಲು ಬಿಸಾಕಿ ಗುಂಡಿಗೆ ಇಳಿದ.

ಗೂಡಿನ ಕಡೆ ಅಗೆಯುವಂತಿರಲಿಲ್ಲ, ಅಲ್ಲಿ ಅಪ್ಪ ಕೂತಿದ್ದ. ಉದ್ದ ಮಾಡುವುದಿದ್ದರೆ ಎದುರು ಬದಿಗೇ ಮಾಡಬೇಕು. ಮೊದಲ ಗುದ್ದಲಿ ಕುರ್ಚಿಯ ಬುಡದಲ್ಲೇ ಬಿತ್ತು. ಚಲುವಯ್ಯ ಹಾರೆ ಹಿಡಿದು ಪಕ್ಕಕ್ಕೆ ಬಂದ. ಹೂಚಕ್ರ ಅಡ್ಡ ಬಂತೆಂದು ಕಾಲಿನಲ್ಲಿ ಅತ್ತ ಸರಿಸಿದ. ಅರ್ಪಿತ ಬಾಗಿ ಮಂಕರಿಯಲ್ಲಿ ಮಣ್ಣು ಎತ್ತಿ ಹೊರಗೆ ಚೆಲ್ಲತೊಡಗಿದಳು. ಆ ಮಣ್ಣು ಹೂಚಕ್ರದ ಮೇಲೆ ಬೀಳುತ್ತಿತ್ತು, ಯಾರೂ ಅದನ್ನು ನೋಡಲಿಲ್ಲ.

ನಂಜುಂಡೇಶ್ ಒಂದು ಹೆಜ್ಜೆ ಹಿಂದೆ ಸರಿದರು. ಮಣ್ಣು ಕುಸಿಯಿತು, ಇನ್ನೊಂದು ಹೆಜ್ಜೆ ಸರಿದರು. ಡ್ರೈವರ್ ಕುರ್ಚಿ ಎತ್ತಿಕೊಂಡ. ಚಲುವಯ್ಯ ಬಿದ್ದಿದ್ದ ಟವೆಲನ್ನು ಬಿಡಿಸಿ, ರುದ್ರಾಣಿಯ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳತೆ ತೆಗೆದ, ಅದನ್ನು ತಂದು ಗೂಡಿನ ಕಡೆಯ ಅಂಚಿನಿಂದ ಗುಂಡಿಯ ಪಕ್ಕದ ನೆಲದ ಮೇಲೆ ಉದ್ದಕ್ಕೆ ಹಾಸಿದ. ಟವೆಲಿನ ತುದಿ ನಂಜುಂಡೇಶರ ಶೂ ಮುಟ್ಟಿತು.

"ಇನ್ನೊಸಿ ಇಂದಕ್ ಸರೀರಿ ಸಾ," ಎಂದ ಚಲುವಯ್ಯ. "ಟೀಚ್ರವ್ವನ್ ಕಾಲು ಅಲ್ಲಿಗಂಟ ಬತ್ತದೆ."

ಅವರು ಹಿಂದೆ ತಿರುಗಿ ನೋಡಿದರು. ಗದ್ದೆಯ ಕೆಸರಿನ ಹೊರತು ಬೇರೆ ಜಾಗವಿರಲಿಲ್ಲ. ಶಿವರಾಜು ತಲೆ ಎತ್ತದೆ ಗುದ್ದಲಿ ಎತ್ತಿದ. ನಂಜುಂಡೇಶ್ ಪ್ಯಾಂಟಿನ ಅಂಚನ್ನು ಮೇಲಕ್ಕೆ ಹಿಡಿದುಕೊಂಡು ಒಂದು ಕಾಲನ್ನು ನೀರಿಗೆ ಇಟ್ಟರು.